ಗಾಳಿ, ಆಲಿಕಲ್ಲು, ಸಿಡಿಲಿಗೆ ಸೋಲಾರ್ ಪ್ಯಾನೆಲ್ ಹಾಳಾದಾಗ ವಾರಂಟಿಯನ್ನು ಕೇಳುವ ಕ್ರಮ

ಬೆಂಗಳೂರಿನಲ್ಲಿ ಸೋಲಾರ್ ಎಂದರೆ ಬಹುಕಾಲ ತಾರಸಿಯ ಮೇಲಿನ ಬಿಸಿನೀರಿನ ಟ್ಯಾಂಕು ಎಂದೇ ಅರ್ಥವಿತ್ತು. 2024ರ ಫೆಬ್ರುವರಿಯಲ್ಲಿ ತಾರಸಿ ಸೋಲಾರ್‌ಗೆ ನೆರವು ಕೊಡುವ ಕೇಂದ್ರ ಸರ್ಕಾರದ ಪಿ.ಎಂ. ಸೂರ್ಯ ಘರ್ ಯೋಜನೆ ಆರಂಭವಾಗಿ, 3 ಕಿಲೋವ್ಯಾಟ್ ಹಾಗೂ ಅದಕ್ಕೂ ಹೆಚ್ಚಿನ ಸಾಮರ್ಥ್ಯದ ಘಟಕಕ್ಕೆ 78,000 ರೂಪಾಯಿಗಳ ಸಹಾಯಧನ ಸಿಗತೊಡಗಿದ ಮೇಲೆ ವಿದ್ಯುತ್ ತಯಾರಿಸುವ ಪ್ಯಾನೆಲ್‌ಗಳು ಮೂವತ್ತು-ನಲವತ್ತರ ಸೈಟಿನ ಮನೆಗಳ ಮೇಲೂ ಕಾಣಿಸಿಕೊಳ್ಳುತ್ತಿವೆ. ಮಾರಾಟದ ವೇಳೆ ತಪ್ಪದೆ ಕೇಳಿಬರುವ ಮಾತು “25 ವರ್ಷ ವಾರಂಟಿ” ಎಂಬುದು. ಆ ಮಾತನ್ನು ನಂಬಿ, ಏಪ್ರಿಲ್-ಮೇ ತಿಂಗಳ ಸಂಜೆ ಬೀಸುವ ಬಿರುಗಾಳಿಗೋ ಆಲಿಕಲ್ಲು ಮಳೆಗೋ ಪ್ಯಾನೆಲ್ ಒಡೆದರೆ ಕಂಪನಿಯವರು ಹೊಸದನ್ನು ತಂದು ಕೂರಿಸುತ್ತಾರೆ ಎಂದುಕೊಂಡಿರುವವರು ಬಹಳ ಮಂದಿ ಇದ್ದಾರೆ. ಹಾಗೆ ಆಗುವುದಿಲ್ಲ. ಆದರೆ ಹವಾಮಾನದಿಂದ ಆದ ಹಾನಿಗೆ ಎಲ್ಲಿಂದಲೂ ಏನೂ ದೊರೆಯದು ಎಂಬ ಮಾತೂ ಅಷ್ಟೇ ತಪ್ಪು.

ಇದನ್ನು ನಾನು ಕಲಿತದ್ದು ನಮ್ಮದೇ ತಾರಸಿಯ ಮೇಲೆ. ಒಂದು ಮೇ ಸಂಜೆ ಅರ್ಧ ಗಂಟೆ ಬೀಸಿದ ಗಾಳಿಗೆ ಆರು ಪ್ಯಾನೆಲ್‌ಗಳ ಸಾಲಿನಲ್ಲಿ ಪಶ್ಚಿಮದ ಕೊನೆಯದು ಮೇಲೆದ್ದು ಪಕ್ಕದ್ದರ ಮೇಲೆ ಬಿದ್ದು, ಎರಡರ ಗಾಜೂ ಜೇಡರ ಬಲೆಯಂತೆ ಬಿರುಕು ಬಿಟ್ಟಿತು. ಅಳವಡಿಸಿದ ಸಂಸ್ಥೆಯ ಮೇಲ್ವಿಚಾರಕರು ಬಂದು ನೋಡಿ, “ಇದು ಪ್ರಕೃತಿ ವಿಕೋಪ ಸಾರ್, ವಾರಂಟಿಗೆ ಬರೋದಿಲ್ಲ” ಎಂದರು. ಅವರು ಹೋದ ಮೇಲೆ, ಪ್ಯಾನೆಲನ್ನು ಹಿಡಿದಿಡುವ ಕ್ಲ್ಯಾಂಪು ಬಿದ್ದಿದ್ದನ್ನು ಎತ್ತಿ ನೋಡಿದೆ. ಪ್ಯಾನೆಲ್‌ನ ಅಲ್ಯೂಮಿನಿಯಂ ಚೌಕಟ್ಟಿನ ದಪ್ಪ 35 ಮಿಲಿಮೀಟರ್ ಇತ್ತು. ಕ್ಲ್ಯಾಂಪ್ ಮಾತ್ರ 40 ಮಿಲಿಮೀಟರ್ ಚೌಕಟ್ಟಿಗೆಂದು ಮಾಡಿದ್ದಾಗಿತ್ತು. ನಡುವೆ ಉಳಿದ ಸಂದಿಗೆ ಒಂದು ರಬ್ಬರ್ ತುಂಡನ್ನು ತುರುಕಿದ್ದರು; ಎರಡು ಬೇಸಿಗೆಯ ಬಿಸಿಲಿಗೆ ಆ ರಬ್ಬರ್ ಒಣಗಿ ಪುಡಿಯಾಗಿತ್ತು. ಸ್ಕೇಲನ್ನು ಪಕ್ಕಕ್ಕಿಟ್ಟು ತೆಗೆದ ಕ್ಲ್ಯಾಂಪಿನ ನಾಲ್ಕು ಫೋಟೊಗಳು, ಅಕ್ಕಪಕ್ಕದ ಎರಡು ಮನೆಗಳಲ್ಲಿ ಅದೇ ಗಾಳಿಗೆ ಅಲುಗದೆ ನಿಂತಿದ್ದ ಪ್ಯಾನೆಲ್‌ಗಳ ಫೋಟೊಗಳು, ಇವನ್ನು ಲಿಖಿತ ದೂರಿನೊಂದಿಗೆ ಕಳುಹಿಸಿದ ಮೇಲೆ ಮಾತಿನ ಧಾಟಿ ಬದಲಾಯಿತು. ನಾಲ್ಕು ತಿಂಗಳ ಓಡಾಟದ ನಂತರ ಎರಡೂ ಪ್ಯಾನೆಲ್‌ಗಳನ್ನು ಅದೇ ಸಂಸ್ಥೆ ತನ್ನ ಖರ್ಚಿನಲ್ಲಿ ಬದಲಿಸಿಕೊಟ್ಟಿತು.

ಆಗ ಮನದಟ್ಟಾದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ತಾರಸಿಯ ಘಟಕಕ್ಕೆ ಮೂವರು ಬೇರೆಬೇರೆ ಹೊಣೆಗಾರರಿದ್ದಾರೆ. ಕಾರ್ಖಾನೆಯಲ್ಲಿ ಆದ ತಪ್ಪಿಗೆ ಪ್ಯಾನೆಲ್ ತಯಾರಿಸಿದ ಕಂಪನಿ ಹೊಣೆ. ತಾರಸಿಯ ಮೇಲೆ ಆದ ತಪ್ಪಿಗೆ ಅಳವಡಿಸಿದವರು ಹೊಣೆ. ಯಾರ ತಪ್ಪೂ ಇಲ್ಲದೆ ಆಕಾಶದಿಂದ ಬಂದ ಹಾನಿಗೆ ವಿಮಾ ಕಂಪನಿ ಹೊಣೆ, ಅದೂ ವಿಮೆ ಮಾಡಿಸಿದ್ದರೆ ಮಾತ್ರ. ಗಾಳಿಮಳೆಯ ಮರುದಿನ ಮೂವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಹಾನಿಯ ಕಾರಣ ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದನ್ನು ಮನೆಯವರೇ ದಾಖಲೆಯೊಂದಿಗೆ ತೋರಿಸಬಲ್ಲವರಾದರೆ ಅರ್ಧ ಕೆಲಸ ಮುಗಿದಂತೆ.

ವಾರಂಟಿ ಪತ್ರವನ್ನು ಓದುವ ಬಗೆ

ಪ್ಯಾನೆಲ್ ಕಂಪನಿ ಕೊಡುವುದು ಒಂದಲ್ಲ, ಎರಡು ವಾರಂಟಿ. ಮೊದಲನೆಯದು ವಸ್ತುವಿನ ಗುಣಮಟ್ಟದ ವಾರಂಟಿ. ಇದರ ಅವಧಿ ಸಾಮಾನ್ಯವಾಗಿ 10ರಿಂದ 12 ವರ್ಷ, ಕೆಲವು ಕಂಪನಿಗಳಲ್ಲಿ ಇನ್ನೂ ಹೆಚ್ಚು. ಚೌಕಟ್ಟು ಬಿಟ್ಟುಕೊಳ್ಳುವುದು, ಹಿಂಬದಿಯ ಹಾಳೆ ಬಿರಿಯುವುದು, ತಂತಿಗಳು ಸೇರುವ ಜಂಕ್ಷನ್ ಬಾಕ್ಸ್ ಸುಟ್ಟುಹೋಗುವುದು, ಪದರಗಳ ನಡುವೆ ಗುಳ್ಳೆ ಏಳುವುದು ಇವೆಲ್ಲ ಇದರಡಿ ಬರುತ್ತವೆ. ಎರಡನೆಯದು ಉತ್ಪಾದನೆಯ ವಾರಂಟಿ. ಜಾಹೀರಾತಿನ 25 ವರ್ಷ ಎಂದರೆ ಇದೇ. ಎರಡೂ ಕಡೆ ಗಾಜಿರುವ ಪ್ಯಾನೆಲ್‌ಗಳಿಗೆ 30 ವರ್ಷ ಕೊಡುವುದೂ ಉಂಟು. ವರ್ಷ ಕಳೆದಂತೆ ಪ್ಯಾನೆಲ್‌ನ ಶಕ್ತಿ ಇಂತಿಷ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಭರವಸೆ ಇದು. ಗಾಜು ಒಡೆದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಉದಾಹರಣೆಗೆ, ಮೊದಲ ವರ್ಷ ಶೇ. 2, ಆಮೇಲೆ ವರ್ಷಕ್ಕೆ ಶೇ. 0.55 ಇಳಿಕೆ ಎಂದು ಪತ್ರದಲ್ಲಿದ್ದರೆ, 550 ವ್ಯಾಟ್‌ನ ಪ್ಯಾನೆಲ್ ಹತ್ತು ವರ್ಷದ ಕೊನೆಗೆ ಸುಮಾರು 512 ವ್ಯಾಟ್ ಕೊಡಬೇಕು, 25 ವರ್ಷಕ್ಕೆ ಶೇ. 84.8ರಷ್ಟು ಉಳಿದಿರಬೇಕು.

ಈ ಅಳತೆ ನಮ್ಮ ತಾರಸಿಯ ಬಿಸಿಲಿನಲ್ಲಿ ಮಾಡುವಂಥದ್ದಲ್ಲ ಎಂಬುದನ್ನು ಗಮನಿಸಬೇಕು. ಚದರ ಮೀಟರಿಗೆ 1,000 ವ್ಯಾಟ್ ಬೆಳಕು, ಪ್ಯಾನೆಲ್‌ನ ಕೋಶದ ಉಷ್ಣತೆ 25 ಡಿಗ್ರಿ, ಇದು ಪ್ರಯೋಗಾಲಯದ ಸ್ಥಿತಿ. ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ತಾರಸಿಯಲ್ಲಿ ಕೋಶದ ಉಷ್ಣತೆ 65 ಡಿಗ್ರಿಗೆ ಏರಿದರೆ, ಡಿಗ್ರಿಗೆ ಶೇ. 0.35ರಂತೆ ಕುಸಿಯುವ ಪ್ಯಾನೆಲ್‌ನಲ್ಲಿ ಶೇ. 14ರಷ್ಟು ಶಕ್ತಿ ಕಡಿಮೆ ಸಿಗುವುದು ಸಹಜ. ಜುಲೈ ತಿಂಗಳ ಮೋಡದಲ್ಲಿ ಯೂನಿಟ್ಟುಗಳು ಇಳಿಯುವುದೂ ಸಹಜವೇ. ಇವುಗಳನ್ನು ಹಿಡಿದು ಉತ್ಪಾದನೆಯ ವಾರಂಟಿಯನ್ನು ಕೇಳಿದರೆ ಮೊದಲ ಉತ್ತರದಲ್ಲೇ ದೂರು ಮುಚ್ಚಿಹೋಗುತ್ತದೆ. ಕಳೆದ ವರ್ಷದ ಇದೇ ತಿಂಗಳೊಂದಿಗೆ ಹೋಲಿಸಿ, ಪ್ಯಾನೆಲ್ ತೊಳೆದ ಮೇಲೂ ವ್ಯತ್ಯಾಸ ಎದ್ದು ಕಾಣುತ್ತಿದ್ದರೆ ಮಾತ್ರ ದೂರು ಕೊಡುವುದು ಸರಿ.

ಪತ್ರದಲ್ಲಿ ಮೂರು ಕಡೆ ಬೆರಳಿಟ್ಟು ಓದಬೇಕು. ವಾರಂಟಿ ಯಾವ ದಿನದಿಂದ ಆರಂಭ ಎಂಬುದು ಒಂದು: ಮನೆಗೆ ಅಳವಡಿಸಿದ ದಿನವೋ, ಕಾರ್ಖಾನೆಯಿಂದ ಹೊರಟ ದಿನವೋ? ಗೋದಾಮಿನಲ್ಲಿ ಒಂದು ವರ್ಷ ಬಿದ್ದಿದ್ದ ಪ್ಯಾನೆಲ್‌ನ ವಾರಂಟಿಯಲ್ಲಿ ಒಂದು ವರ್ಷ ಮೊದಲೇ ಕಳೆದಿರಬಹುದು. ವಾರಂಟಿ ಯಾವುದಕ್ಕೆ ಅನ್ವಯಿಸುವುದಿಲ್ಲ ಎಂಬುದು ಇನ್ನೊಂದು. ಸಿಡಿಲು, ಆಲಿಕಲ್ಲು, ಪ್ರವಾಹ, ಬಿರುಗಾಳಿ, ಬೆಂಕಿ ಇವೆಲ್ಲ ಬಹುಪಾಲು ಪತ್ರಗಳಲ್ಲಿ ಹೊರಗೇ ಇರುತ್ತವೆ. ಅವುಗಳ ಜೊತೆಗೆ ಪ್ಯಾನೆಲ್ ಮೇಲೆ ಹತ್ತಿ ನಡೆದದ್ದು, ಒತ್ತಡದ ನೀರಿನಿಂದ ತೊಳೆದದ್ದು, ಸೀರಿಯಲ್ ನಂಬರಿನ ಚೀಟಿ ಅಳಿಸಿಹೋದದ್ದು, ಘಟಕವನ್ನು ಬೇರೆ ಮನೆಗೆ ಸ್ಥಳಾಂತರಿಸಿದ್ದು ಕೂಡ ಸೇರಿರುತ್ತವೆ. ಕೊನೆಯದಾಗಿ, ಕಂಪನಿ ಒಪ್ಪಿಕೊಂಡರೆ ಏನು ಕೊಡುತ್ತದೆ ಎಂಬುದು. ಹೊಸ ಪ್ಯಾನೆಲ್ ಕೊಟ್ಟರೂ ಅದನ್ನು ಸಾಗಿಸುವ, ಹಳೆಯದನ್ನು ಇಳಿಸಿ ಹೊಸದನ್ನು ಏರಿಸುವ ಕೂಲಿ ಮನೆಯವರದೇ ಎಂದು ಬರೆದಿರುವುದು ಸಾಮಾನ್ಯ.

ಅಳವಡಿಸಿದವರ ಹೊಣೆ ಈ ಪತ್ರದಲ್ಲಿ ಇರುವುದೇ ಇಲ್ಲ. ಅದು ಅವರೊಂದಿಗಿನ ಒಪ್ಪಂದದಲ್ಲಿರುತ್ತದೆ. ಸೂರ್ಯ ಘರ್ ಯೋಜನೆಯಡಿ ಹಾಕಿಸಿದ್ದರೆ ಐದು ವರ್ಷಗಳ ನಿರ್ವಹಣೆ ಅಳವಡಿಸಿದವರ ಜವಾಬ್ದಾರಿಯಾಗಿರುತ್ತದೆ. ಪ್ಯಾನೆಲ್‌ಗಳನ್ನು ಹೊತ್ತು ನಿಲ್ಲುವ ಲೋಹದ ಸ್ಟ್ರಕ್ಚರ್ ಯಾವ ವೇಗದ ಗಾಳಿಗೆ ವಿನ್ಯಾಸಗೊಂಡಿದೆ ಎಂಬುದನ್ನು ಆ ಒಪ್ಪಂದದಲ್ಲೇ ಅಂಕಿಯಲ್ಲಿ ಬರೆಸಿಕೊಳ್ಳುವುದು ಬಹಳ ಮುಖ್ಯ. ಏಕೆಂದರೆ ಆ ಅಂಕಿಗಿಂತ ಕಡಿಮೆ ವೇಗದ ಗಾಳಿಗೆ ಸ್ಟ್ರಕ್ಚರ್ ಮುರಿದರೆ ‘ಪ್ರಕೃತಿ ವಿಕೋಪ’ ಎಂಬ ಉತ್ತರ ನಿಲ್ಲುವುದಿಲ್ಲ.

ಗಾಳಿ

ಕಟ್ಟಡಗಳ ಮೇಲಿನ ಗಾಳಿಯ ಒತ್ತಡವನ್ನು ಲೆಕ್ಕ ಹಾಕುವ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದಲ್ಲಿ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಸರಳ ಲೆಕ್ಕದಲ್ಲಿ ಈ ವೇಗದ ಗಾಳಿ ಸುಮಾರು 650 ಪಾಸ್ಕಲ್, ಅಂದರೆ ಚದರ ಮೀಟರಿಗೆ ಸುಮಾರು 66 ಕಿಲೋ ಭಾರದಷ್ಟು, ಒತ್ತಡ ಹಾಕುತ್ತದೆ. ಈಗ ಬಳಕೆಯಲ್ಲಿರುವ 550 ವ್ಯಾಟ್ ಪ್ಯಾನೆಲ್‌ನ ವಿಸ್ತೀರ್ಣ ಎರಡೂವರೆ ಚದರ ಮೀಟರಿಗಿಂತ ತುಸು ಹೆಚ್ಚು. ಹಾಗಾಗಿ ಒಂದೊಂದು ಪ್ಯಾನೆಲನ್ನೂ ಗಾಳಿ ಸುಮಾರು 170 ಕಿಲೋ ಬಲದಿಂದ ಎತ್ತಬಲ್ಲದು. ಪ್ಯಾನೆಲ್‌ನ ತೂಕ ಇರುವುದು 28 ಕಿಲೋ ಆಸುಪಾಸು. ತಾರಸಿಯ ಅಂಚಿನಲ್ಲಿ, ಮೂಲೆಯಲ್ಲಿ, ಎತ್ತರದ ಸ್ಟ್ರಕ್ಚರ್ ಮೇಲೆ ಈ ಎತ್ತುವ ಬಲ ಇನ್ನೂ ಹೆಚ್ಚಾಗುತ್ತದೆ. ಬಟ್ಟೆ ಒಣಗಿಸಲು ಕೆಳಗೆ ಜಾಗ ಉಳಿಯಲಿ ಎಂದು ಏಳೆಂಟು ಅಡಿ ಎತ್ತರಕ್ಕೆ ಸ್ಟ್ರಕ್ಚರ್ ಏರಿಸುವುದು ನಮ್ಮ ಊರಿನ ರೂಢಿ. ಆ ಅನುಕೂಲ ಬೇಡವೆನ್ನಲಾರೆ. ಆದರೆ ವಾಟರ್‌ಪ್ರೂಫಿಂಗ್ ಹಾಳಾಗುತ್ತದೆಂದು ತಾರಸಿಗೆ ತೂತು ಹಾಕದೆ, ಬರೀ ಕಾಂಕ್ರೀಟ್ ಕಟ್ಟೆಯ ತೂಕದ ಮೇಲೆ ಅಂಥ ಎತ್ತರದ ಸ್ಟ್ರಕ್ಚರನ್ನು ನಿಲ್ಲಿಸುವುದಾದರೆ, ಆ ಕಟ್ಟೆಗಳ ಒಟ್ಟು ತೂಕ ಈ ಬಲವನ್ನು ತಡೆಯುತ್ತದೆಯೇ ಎಂಬ ಲೆಕ್ಕವನ್ನು ಕಾಗದದ ಮೇಲೆ ಕೇಳಲೇಬೇಕು.

ಪ್ಯಾನೆಲ್ ತಾನಾಗಿ ಇಷ್ಟು ಗಾಳಿಗೆ ಒಡೆಯುವಂಥದ್ದಲ್ಲ. ಐಇಸಿ 61215 ಎಂಬ ಅಂತರರಾಷ್ಟ್ರೀಯ ಮಾನಕದ ಪರೀಕ್ಷೆಯಲ್ಲಿ ಅದರ ಮೇಲೆ 2,400 ಪಾಸ್ಕಲ್ ಒತ್ತಡ ಹೇರಿ ನೋಡಿರುತ್ತಾರೆ. ಆ ಪರೀಕ್ಷೆಯಲ್ಲಿ ಒಂದೂವರೆ ಪಟ್ಟಿನ ಸುರಕ್ಷತೆಯ ಅಂಚು ಸೇರಿರುವುದರಿಂದ ನಿಜವಾದ ಬಳಕೆಗೆ 1,600 ಪಾಸ್ಕಲ್ ಎಂದು ಹಿಡಿಯಬೇಕು. ಅದೂ ಕ್ಲ್ಯಾಂಪುಗಳು ಕಂಪನಿಯ ಕೈಪಿಡಿಯಲ್ಲಿ ಗುರುತಿಸಿದ ಜಾಗದಲ್ಲೇ, ಹೇಳಿದಷ್ಟೇ ಬಿಗಿಯಾಗಿ ಕೂತಿದ್ದರೆ. ಗಾಳಿಗೆ ಪ್ಯಾನೆಲ್ ಹಾರಿದಲ್ಲಿ ಮೊದಲು ಅನುಮಾನಿಸಬೇಕಾದದ್ದು ಕ್ಲ್ಯಾಂಪು, ಬೋಲ್ಟು, ಸ್ಟ್ರಕ್ಚರನ್ನು ತಾರಸಿಗೆ ಬಿಗಿಯುವ ಆಂಕರುಗಳನ್ನು ಎಂದು ನಾನು ಒತ್ತಿಹೇಳುವುದು ಇದೇ ಕಾರಣಕ್ಕೆ. ವರ್ಷಕ್ಕೊಮ್ಮೆ, ಮಾರ್ಚ್ ಮುಗಿಯುವುದರೊಳಗೆ, ನಿರ್ವಹಣೆಗೆ ಬರುವವರಿಂದ ಎಲ್ಲ ಬೋಲ್ಟುಗಳನ್ನೂ ಪರೀಕ್ಷಿಸಿ ಬಿಗಿಗೊಳಿಸಿ, ಅದನ್ನು ಸರ್ವಿಸ್ ಚೀಟಿಯಲ್ಲಿ ಬರೆಸಿಕೊಳ್ಳಬೇಕು.

ಆಲಿಕಲ್ಲು

ಅದೇ ಮಾನಕದಲ್ಲಿ ಆಲಿಕಲ್ಲಿನ ಪರೀಕ್ಷೆಯೂ ಇದೆ. 25 ಮಿಲಿಮೀಟರ್ ವ್ಯಾಸದ ಮಂಜುಗಡ್ಡೆಯ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಪ್ಯಾನೆಲ್‌ನ 11 ಜಾಗಗಳಿಗೆ ಹೊಡೆಯುತ್ತಾರೆ. ನಮ್ಮ ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿಲಿಮೀಟರ್. ಅದಕ್ಕಿಂತ ಚಿಕ್ಕದಾದ ಆಲಿಕಲ್ಲಿಗೆ ಗಾಜು ಒಡೆದಿದ್ದರೆ ಪ್ಯಾನೆಲ್‌ನ ಗುಣಮಟ್ಟದ ಬಗೆಗೇ ಪ್ರಶ್ನೆ ಎತ್ತಬಹುದು, ದೊಡ್ಡದಾಗಿದ್ದರೆ ವಿಮೆಯ ದಾರಿ ಹಿಡಿಯಬೇಕು. ಆದ್ದರಿಂದ ಮಳೆ ನಿಂತ ಕೂಡಲೇ ನಾಲ್ಕೈದು ಆಲಿಕಲ್ಲುಗಳನ್ನು ಆಯ್ದು, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆದು, ಒಂದು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಫ್ರೀಜರಿನಲ್ಲಿಡುವುದು ಒಳ್ಳೆಯದು. ಹತ್ತು ನಿಮಿಷ ತಡವಾದರೆ ಆ ಸಾಕ್ಷಿ ಕರಗಿ ಹೋಗುತ್ತದೆ.

ಹೊಸದಾಗಿ ಹಾಕಿಸುವವರಿಗೆ ಒಂದು ಮಾತು. ಒಂದೇ ಗಾಜಿನ ಪ್ಯಾನೆಲ್‌ಗಳಲ್ಲಿ ಮುಂಭಾಗದ ಗಾಜು ಸಾಮಾನ್ಯವಾಗಿ 3.2 ಮಿಲಿಮೀಟರ್ ದಪ್ಪದ್ದು, ಪೂರ್ತಿ ಟೆಂಪರ್ ಮಾಡಿದ್ದು, ಅಂದರೆ ಕಾಯಿಸಿ ಗಟ್ಟಿಗೊಳಿಸಿದ್ದು. ಎರಡೂ ಕಡೆ ಗಾಜಿರುವವುಗಳಲ್ಲಿ ಒಂದೊಂದೂ 2 ಮಿಲಿಮೀಟರ್ ಮಾತ್ರ. ಹೆಚ್ಚು ವರ್ಷದ ವಾರಂಟಿ ಇದೆ ಎಂದ ಮಾತ್ರಕ್ಕೆ ಎರಡನೆಯದು ಆಲಿಕಲ್ಲಿಗೂ ಹೆಚ್ಚು ಗಟ್ಟಿ ಎಂದು ತಿಳಿಯಬಾರದು.

ಗಾಜು ಒಡೆಯದಿದ್ದರೂ ಒಳಗಿನ ಕೋಶಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಬಿದ್ದಿರಬಹುದು. ತಿಂಗಳುಗಳ ನಂತರ ಬಸವನಹುಳು ಹರಿದ ಜಾಡಿನಂಥ ಗೆರೆಗಳು ಮೂಡುವುದು, ಥರ್ಮಲ್ ಕ್ಯಾಮೆರಾದಲ್ಲಿ ಒಂದು ಕೋಶ ಮಾತ್ರ ಕಾದು ಹೊಳೆಯುವುದು ಅದರ ಲಕ್ಷಣ. ಆಲಿಕಲ್ಲು ಬಿದ್ದ ವಾರದಲ್ಲೇ ಪರೀಕ್ಷೆ ಮಾಡಿಸಿ ವರದಿ ಪಡೆದರೆ, ಆಮೇಲೆ ಬಿರುಕು ಯಾವಾಗಿನದು ಎಂಬ ವಾದಕ್ಕೆ ಆಸ್ಪದವಿರುವುದಿಲ್ಲ.

ಸಿಡಿಲು ಮತ್ತು ನೀರು

ಸಿಡಿಲು ನೇರವಾಗಿ ಪ್ಯಾನೆಲ್‌ಗೆ ಬಡಿಯುವುದು ಅಪರೂಪ. ಹತ್ತಿರದಲ್ಲೆಲ್ಲೋ ಬಡಿದ ಸಿಡಿಲಿನ ವಿದ್ಯುತ್ ಉಬ್ಬರ ತಂತಿಗಳ ಮೂಲಕ ಬಂದು, ಪ್ಯಾನೆಲ್‌ನ ಡಿಸಿ ವಿದ್ಯುತ್ತನ್ನು ಮನೆಬಳಕೆಯ ಎಸಿಗೆ ಬದಲಿಸುವ ಇನ್ವರ್ಟರ್ ಸುಡುವುದೇ ಹೆಚ್ಚು. ಇನ್ವರ್ಟರಿನ ವಾರಂಟಿ ಪ್ಯಾನೆಲ್‌ನದ್ದಕ್ಕಿಂತ ಬೇರೆ, ಅವಧಿಯೂ 5ರಿಂದ 10 ವರ್ಷ ಮಾತ್ರ, ಉಬ್ಬರದಿಂದಾದ ಹಾನಿ ಅದರಲ್ಲೂ ಸೇರುವುದಿಲ್ಲ. ಆದರೆ ಉಬ್ಬರವನ್ನು ತಡೆಯುವ ಎಸ್‌ಪಿಡಿ ಎಂಬ ಸಾಧನವನ್ನು ಡಿಸಿ ಮತ್ತು ಎಸಿ ಎರಡೂ ಪೆಟ್ಟಿಗೆಗಳಲ್ಲಿ ಹಾಕಿರಬೇಕು. ಸಿಡಿಲನ್ನು ನೆಲಕ್ಕಿಳಿಸುವ ಲೈಟ್ನಿಂಗ್ ಅರೆಸ್ಟರಿಗೆ ಪ್ರತ್ಯೇಕ ಅರ್ಥಿಂಗ್ ಗುಂಡಿ ಇರಬೇಕು. ಎಸ್‌ಪಿಡಿಯ ಮೇಲೆ ಬೆರಳುಗುರಿನಷ್ಟು ಪುಟ್ಟ ಕಿಟಕಿ ಇರುತ್ತದೆ. ಅದು ಹಸಿರಾಗಿದ್ದರೆ ಸಾಧನ ಜೀವಂತ, ಕೆಂಪಾಗಿದ್ದರೆ ಒಂದು ಉಬ್ಬರವನ್ನು ನುಂಗಿ ಅದು ಮುಗಿದಿದೆ ಎಂದರ್ಥ. ಪ್ರತಿ ಗುಡುಗು ಮಳೆಯ ನಂತರ ಆ ಕಿಟಕಿಯನ್ನು ನೋಡುವ ಅಭ್ಯಾಸ ಬೆಳೆಸಿಕೊಂಡರೆ ಮುಂದಿನ ಸಿಡಿಲಿಗೆ ಇನ್ವರ್ಟರ್ ಬಲಿಯಾಗುವುದು ತಪ್ಪೀತು. ಸುಟ್ಟ ಇನ್ವರ್ಟರಿನ ಪೆಟ್ಟಿಗೆಯಲ್ಲಿ ಎಸ್‌ಪಿಡಿಯೇ ಇಲ್ಲದಿದ್ದರೆ ಹೊಣೆ ಅಳವಡಿಸಿದವರ ಕಡೆಗೆ ತಿರುಗುತ್ತದೆ.

ಮಳೆನೀರಿನ ವಿಷಯದಲ್ಲಿ ನನ್ನ ನಿಲುವು ಖಚಿತವಾದದ್ದು. ಸಾಧಾರಣ ಮಳೆ ಪ್ರಕೃತಿ ವಿಕೋಪವಲ್ಲ. ರಾತ್ರಿ ಮಳೆ ಬಂದ ಮರುದಿನ ಬೆಳಗ್ಗೆ ಇನ್ವರ್ಟರ್ ಇನ್ಸುಲೇಷನ್ ದೋಷ (ವಿದ್ಯುತ್ ಸೋರಿಕೆಯ ಸೂಚನೆ) ತೋರಿಸಿ ನಿಂತು, ಬಿಸಿಲೇರಿದ ಮೇಲೆ ತಾನಾಗಿ ಶುರುವಾಗುತ್ತಿದ್ದರೆ ಎಲ್ಲೋ ತಂತಿಗಳನ್ನು ಜೋಡಿಸುವ ಕನೆಕ್ಟರಿಗೆ ನೀರು ಇಳಿಯುತ್ತಿದೆ. ಹೊರಗೆ ಬಳಸುವ ಕನೆಕ್ಟರಿನಲ್ಲಿ ನೀರು ಇಳಿಯಬಾರದು. ಬೇರೆಬೇರೆ ಕಂಪನಿಯ ಗಂಡು-ಹೆಣ್ಣು ತುದಿಗಳನ್ನು ಜೋಡಿಸಿದಾಗ, ತಂತಿಯ ತುದಿಯನ್ನು ಸರಿಯಾಗಿ ಕ್ರಿಂಪ್ ಮಾಡದಿದ್ದಾಗ (ಒತ್ತಿ ಬಿಗಿಯದಿದ್ದಾಗ) ಹೀಗಾಗುತ್ತದೆ. ಇದು ಅಳವಡಿಕೆಯ ದೋಷವೇ. ಇನ್ನು ತಗ್ಗಿನ ಬಡಾವಣೆಗಳಲ್ಲಿ ಇನ್ವರ್ಟರನ್ನು ಕಾರು ನಿಲ್ಲಿಸುವ ಜಾಗದ ಗೋಡೆಗೆ ಕಟ್ಟುವುದನ್ನು ಬಿಡಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತ ನೀರು ನಿಂತ ಎತ್ತರವನ್ನು ನೆನೆದರೆ ಕಾರಣ ತಿಳಿಯುತ್ತದೆ.

ಮಳೆ ನಿಂತ ಮೇಲೆ

ಮೊದಲ ಕೆಲಸ ಏನನ್ನೂ ಮುಟ್ಟದಿರುವುದು. ಒಡೆದ ಪ್ಯಾನೆಲ್ ಸತ್ತ ಪ್ಯಾನೆಲ್ ಅಲ್ಲ. ಬೆಳಕಿರುವವರೆಗೂ ಅದರಲ್ಲಿ ವಿದ್ಯುತ್ ಹರಿಯುತ್ತದೆ, ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ ಡಿಸಿ ವೋಲ್ಟೇಜ್ ನೂರಾರು ಇರುತ್ತದೆ, ಒದ್ದೆಯಾದ ಲೋಹದ ಸ್ಟ್ರಕ್ಚರಿಗೂ ಅದು ಹರಿದಿರಬಹುದು. ಕೆಳಗಿನಿಂದಲೇ ಮೊದಲು ಎಸಿ ಸ್ವಿಚ್ಚನ್ನು, ಆಮೇಲೆ ಡಿಸಿ ಐಸೊಲೇಟರನ್ನು (ಪ್ಯಾನೆಲ್ ಕಡೆಯ ಸ್ವಿಚ್ಚನ್ನು) ಆರಿಸಬೇಕು. ಕನೆಕ್ಟರುಗಳನ್ನು ಕೈಯಿಂದ ಎಳೆಯಲೇಬಾರದು; ಹರಿಯುತ್ತಿರುವ ಡಿಸಿ ವಿದ್ಯುತ್ತನ್ನು ಹಾಗೆ ತುಂಡರಿಸಿದರೆ ಕಿಡಿ ಎದ್ದು ಬೆಂಕಿ ಹತ್ತಬಹುದು. ಮನೆಯ ಮಕ್ಕಳನ್ನೂ ಕೆಲಸದವರನ್ನೂ ತಾರಸಿಗೆ ಬಿಡದೆ ಬಾಗಿಲು ಹಾಕಬೇಕು.

ಆಮೇಲೆ ಫೋಟೊಗಳು. ದೂರದಿಂದ ಇಡೀ ಸಾಲು, ಹತ್ತಿರದಿಂದ ಪ್ರತಿ ಬಿರುಕು, ಕ್ಲ್ಯಾಂಪು, ಬೋಲ್ಟು, ಬುಡದ ತಟ್ಟೆ, ಬಿದ್ದ ಕೊಂಬೆ ಅಥವಾ ತೆಂಗಿನ ಗರಿ ಇದ್ದರೆ ಅದು ಬಿದ್ದ ಜಾಗದಲ್ಲೇ. ಪ್ಯಾನೆಲ್‌ನ ಸೀರಿಯಲ್ ನಂಬರ್ ಸಾಮಾನ್ಯವಾಗಿ ಹಿಂಬದಿಯಲ್ಲಿರುತ್ತದೆ, ತಗ್ಗು ಸ್ಟ್ರಕ್ಚರಿನಲ್ಲಿ ಅದನ್ನು ಓದಲು ಆಗುವುದೇ ಇಲ್ಲ. ಹಾಗಾಗಿ ಅಳವಡಿಸುವ ದಿನವೇ, ಪ್ಯಾನೆಲ್‌ಗಳು ಗೋಡೆಗೆ ಒರಗಿ ನಿಂತಿರುವಾಗ, ಎಲ್ಲ ನಂಬರುಗಳ ಫೋಟೊ ತೆಗೆದಿಟ್ಟಿರಬೇಕು. ಇನ್ವರ್ಟರಿನ ಆ್ಯಪ್‌ನಲ್ಲಿ ಆ ದಿನದ ಉತ್ಪಾದನೆಯ ಗೆರೆ ಎಷ್ಟು ಗಂಟೆಗೆ ಕುಸಿಯಿತು, ಯಾವ ದೋಷ ದಾಖಲಾಯಿತು ಎಂಬುದನ್ನು ಇಳಿಸಿಕೊಳ್ಳಬೇಕು. ಇನ್ವರ್ಟರ್ ಬದಲಾದ ಮೇಲೆ ಅದು ಸಿಗದೆ ಹೋಗಬಹುದು. ಅಂದಿನ ಮಳೆ-ಗಾಳಿಯ ಬಗ್ಗೆ ಪತ್ರಿಕೆಯ ತುಣುಕಿಗಿಂತ ಹವಾಮಾನ ಇಲಾಖೆಯ ಅಥವಾ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿಗಳಿಗೆ ಹೆಚ್ಚು ಬೆಲೆ. 2024ರ ಜೂನ್ 2ರಂದು ನಗರದಲ್ಲಿ 111.1 ಮಿಲಿಮೀಟರ್ ಮಳೆ ಸುರಿದಂಥ ದಿನವನ್ನು ಯಾರೂ ಅಲ್ಲಗಳೆಯಲಾರರು. ಒಂದು ಬಡಾವಣೆಗಷ್ಟೇ ಬೀಸಿಹೋದ ಗಾಳಿಗೆ ಮಾತ್ರ ದಾಖಲೆ ಬೇಕಾಗುತ್ತದೆ.

ಮೊದಲ ದೂರನ್ನು ಫೋನಿನಲ್ಲಿ ಹೇಳಿ ಬಿಡದೆ ಇಮೇಲ್‌ನಲ್ಲಿ, ಅಳವಡಿಸಿದವರಿಗೂ ಪ್ಯಾನೆಲ್ ಅಥವಾ ಇನ್ವರ್ಟರ್ ಕಂಪನಿಗೂ ವಿಮಾ ಕಂಪನಿಗೂ ಅದೇ ದಿನ ಬರೆಯಬೇಕು. ಅದರಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು, ಕಾರಣವನ್ನು ತೀರ್ಮಾನಿಸಬಾರದು. “ಗಾಳಿಗೆ ಪ್ಯಾನೆಲ್ ಹಾರಿಹೋಯಿತು” ಎಂದು ಬರೆದರೆ ಆ ಒಂದು ವಾಕ್ಯವನ್ನೇ ಹಿಡಿದು ವಾರಂಟಿಯನ್ನು ನಿರಾಕರಿಸುತ್ತಾರೆ. “ಇಂಥ ದಿನ ಇಷ್ಟು ಗಂಟೆಗೆ ಗಾಳಿ ಬೀಸಿದಾಗ ಪಶ್ಚಿಮದ ಕೊನೆಯ ಪ್ಯಾನೆಲ್ ಕ್ಲ್ಯಾಂಪಿನಿಂದ ಬಿಟ್ಟುಕೊಂಡಿತು, ಕ್ಲ್ಯಾಂಪು ಮತ್ತು ಚೌಕಟ್ಟಿನ ಅಳತೆಯ ಫೋಟೊ ಲಗತ್ತಿಸಿದೆ” ಎಂಬುದು ನಿಜವೂ ಹೌದು, ಯಾವ ಬಾಗಿಲನ್ನೂ ಮುಚ್ಚುವುದೂ ಇಲ್ಲ.

ವಿಮೆ

2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಎಂಬ ಏಕರೂಪದ ಮನೆವಿಮೆಯಲ್ಲಿ ಬಿರುಗಾಳಿ, ಆಲಿಕಲ್ಲು, ಸಿಡಿಲು, ಪ್ರವಾಹ, ಮರ ಬಿದ್ದಾಗಿನ ಹಾನಿ ಇವೆಲ್ಲ ಸೇರಿವೆ, ಮನೆಯ ಕಟ್ಟಡದ ವ್ಯಾಖ್ಯೆಯಲ್ಲಿ ಸೋಲಾರ್ ಪ್ಯಾನೆಲ್‌ಗಳ ಹೆಸರೂ ಇದೆ. ಆದರೆ ಅವುಗಳ ಮೌಲ್ಯವನ್ನು ವಿಮಾ ಮೊತ್ತಕ್ಕೆ ಸೇರಿಸಿರಬೇಕು. ಗೃಹಸಾಲ ತೆಗೆದುಕೊಂಡವರ ಮನೆಗೆ ಬ್ಯಾಂಕಿನ ಮೂಲಕ ಇಂಥ ಪಾಲಿಸಿ ಆಗಲೇ ಇರುವ ಸಾಧ್ಯತೆ ಹೆಚ್ಚು. ಕಡತ ತೆಗೆದು ನೋಡಿ, ಪ್ಯಾನೆಲ್ ಹಾಕಿಸಿದ ಬಿಲ್ಲಿನೊಂದಿಗೆ ಮೊತ್ತ ಹೆಚ್ಚಿಸುವಂತೆ ಬರೆದುಕೊಟ್ಟರೆ ಸಾಕು. ಒಂದು ಷರತ್ತನ್ನು ಮಾತ್ರ ಕೇಳಿ ತಿಳಿಯಬೇಕು: ಶಾರ್ಟ್ ಸರ್ಕ್ಯೂಟ್, ಅತಿ ವೋಲ್ಟೇಜುಗಳಿಂದ ವಿದ್ಯುತ್ ಉಪಕರಣ ತಾನೇ ಕೆಟ್ಟರೆ, ಅದಕ್ಕೆ ಸಿಡಿಲೇ ಕಾರಣವಾಗಿದ್ದರೂ, ಪರಿಹಾರವಿಲ್ಲ ಎಂದು ಮನೆವಿಮೆಗಳಲ್ಲಿ ಬರೆದಿರುವುದುಂಟು. ಹಾಗಿದ್ದರೆ ಇನ್ವರ್ಟರಿಗೆ ವಿದ್ಯುತ್ ಉಪಕರಣ ಕೆಡುವಿಕೆಯ ಪ್ರತ್ಯೇಕ ರಕ್ಷಣೆ ತೆಗೆದುಕೊಳ್ಳಬೇಕಾಗುತ್ತದೆ. ವಿಮೆಯ ಪರವಾಗಿ ಹಾನಿಯನ್ನು ಅಂದಾಜಿಸುವ ಸರ್ವೇಯರ್ ಬಂದು ನೋಡುವವರೆಗೆ ಒಡೆದ ಪ್ಯಾನೆಲ್‌ಗಳನ್ನು ತೆಗೆಸಬಾರದು, ಗುಜರಿಗೂ ಕೊಡಬಾರದು.

ವಿಮಾ ಕಂಪನಿ ಒಪ್ಪದಿದ್ದರೆ ಅಥವಾ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಜೆ.ಪಿ. ನಗರ ಮೊದಲನೆಯ ಹಂತದ ಜೀವನ್ ಸೌಧದಲ್ಲಿರುವ, ವಿಮೆಯ ದೂರುಗಳನ್ನು ಬಗೆಹರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ಅರ್ಜಿ ಕೊಡಬಹುದು. ನಿರಾಕರಣೆಯಿಂದ ಒಂದು ವರ್ಷದೊಳಗೆ ಕೊಡಬೇಕು. ಅಳವಡಿಸಿದವರೋ ಕಂಪನಿಯೋ ಜಾರಿಕೊಂಡರೆ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಮನೆಯಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಕಾರಣ ಉಂಟಾದ ಎರಡು ವರ್ಷದೊಳಗೆ ಸಲ್ಲಿಸಬೇಕು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಫೋನಿನಲ್ಲಿ “ಮುಂದಿನ ವಾರ ಬರ್ತೀವಿ” ಎನ್ನುವವರ ಮಾತಿಗೆ ಕಾಯುತ್ತಾ ಈ ಎರಡು ವರ್ಷವನ್ನು ಕಳೆದುಕೊಳ್ಳಬಾರದು.

ಬದಲಿ ಪ್ಯಾನೆಲ್ ಬಂದಾಗ ಅದರ ವಿದ್ಯುತ್ ಪ್ರವಾಹದ ಅಂಕಿ ಹಳೆಯವುಗಳದ್ದಕ್ಕಿಂತ ಕಡಿಮೆ ಇಲ್ಲವೆಂದು ಹಿಂಬದಿಯ ಚೀಟಿಯಲ್ಲಿ ನೋಡಿಕೊಳ್ಳಬೇಕು, ಏಕೆಂದರೆ ಒಂದೇ ಸಾಲಿನಲ್ಲಿ ಕಡಿಮೆ ಪ್ರವಾಹದ್ದು ಸೇರಿದರೆ ಉಳಿದವೂ ಅದರ ಮಟ್ಟಕ್ಕೆ ಇಳಿಯುತ್ತವೆ. ಹೊಸದಕ್ಕೆ ಸಾಮಾನ್ಯವಾಗಿ ಹಳೆಯ ವಾರಂಟಿಯಲ್ಲಿ ಉಳಿದ ಅವಧಿಯಷ್ಟೇ ಅನ್ವಯಿಸುತ್ತದೆ. ಆ ಅವಧಿಯನ್ನೂ ಹೊಸ ಸೀರಿಯಲ್ ನಂಬರನ್ನೂ ಕಂಪನಿಯ ಪತ್ರದಲ್ಲಿ ಬರೆಸಿಕೊಂಡ ಮೇಲೆಯೇ ಕೆಲಸ ಮುಗಿದಿದೆ ಎಂದು ಸಹಿ ಹಾಕಿಕೊಡಬೇಕು.